ಜಾಗ ಆಮೇಲೆ, ಮೊದಲು ದುಡ್ಡಿನ ಮಾತು

1/8

ಕೊನೆಯ ಸೆಮಿಸ್ಟರಿನ ಎರಡು ಪೇಪರ್ ಇನ್ನೂ ಬಾಕಿ ಇರುವಾಗಲೇ ಎಲ್ಲರ ಫೋನಿನಲ್ಲೂ ಒಂದು ಹೊಸ ವಾಟ್ಸಾಪ್ ಗ್ರೂಪ್ ಹುಟ್ಟಿರುತ್ತೆ. ಹೆಸರು ‘ಗೋವಾ ಪಕ್ಕಾ’ ಅಂತಲೋ ‘ಲಾಸ್ಟ್ ಟ್ರಿಪ್’ ಅಂತಲೋ. ಮೊದಲ ರಾತ್ರಿ ಇನ್ನೂರು ಮೆಸೇಜು. ಒಬ್ಬ ಗೋಕರ್ಣ ಅಂತಾನೆ, ಇನ್ನೊಬ್ಬಳು ಊಟಿ ಅಂತಾಳೆ, ಯಾರೋ ಒಬ್ಬ ಲಡಾಖ್ ರೀಲ್ ಹಾಕಿ ಕೆಳಗೆ ಬೆಂಕಿ ಎಮೋಜಿ ಒತ್ತಿರ್ತಾನೆ. (ಬೆಂಗಳೂರಿಂದ ಲೇಹ್‌ಗೆ ಒಂದು ಕಡೆಗೇ 3,000 ಕಿ.ಮೀ. ಮೇಲಿದೆ ಮಾರಾಯ. ನಿನ್ನ ಬೈಕು ಭದ್ರಾವತಿಗೆ ಹೋಗಿ ಬರೋದ್ರೊಳಗೆ ಎರಡು ಸಲ ನಿಂತಿತ್ತು.)

ಹತ್ತನೇ ದಿನಕ್ಕೆ ಗ್ರೂಪಿನಲ್ಲಿ ಸದ್ದಿಲ್ಲ. ತಿಂಗಳು ಕಳೆದ ಮೇಲೆ ಅಲ್ಲಿ ಬರೋದು ಹುಟ್ಟುಹಬ್ಬದ ವಿಶ್ ಮಾತ್ರ.

ಇದಕ್ಕೆ ಎಲ್ಲರೂ ಕೊಡೋ ಕಾರಣ ಒಂದೇ: ‘ನಮ್ಮ ಗ್ಯಾಂಗ್ ಸೋಮಾರಿ.’ ನಾನು ಇದನ್ನ ಒಪ್ಪಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಲ್ಯಾಬ್ ರೆಕಾರ್ಡ್ ಬರೆದು ಮುಗಿಸಿದ ಜನ ನಾವು. ಪ್ಲಾನ್ ಸಾಯೋದು ಬೇರೆ ಕಾರಣಕ್ಕೆ. ನಾವು ಜಾಗದಿಂದ ಶುರು ಮಾಡ್ತೀವಿ. ಜಾಗ ಹೇಳೋದು ಸುಲಭ. ‘ನನ್ನತ್ರ ಎಷ್ಟಿದೆ’ ಅಂತ ಹೇಳೋದು ಕಷ್ಟ. ಅದನ್ನ ಕೇಳೋದು ಇನ್ನೂ ಕಷ್ಟ. ಹಾಗಾಗಿ ಯಾರೂ ಕೇಳಲ್ಲ, ಯಾರೂ ಹೇಳಲ್ಲ, ಟ್ರಿಪ್ ತಾನಾಗೇ ಕರಗಿ ಹೋಗುತ್ತೆ. ಇಲ್ಲಾ, ಇನ್ನೂ ಕೆಟ್ಟದಾಗಿ, ಟ್ರಿಪ್ ಆಗುತ್ತೆ. ಒಬ್ಬರನ್ನ ಬಿಟ್ಟು.

2/8

ಗಮನಿಸಿ ನೋಡಿ. ಗ್ರೂಪಿಗೆ ರೂಮಿನ ಫೋಟೋ, ರೇಟು ಬಂದ ಮೇಲೆ ಮಾತು ಕಮ್ಮಿ ಮಾಡೋರು ಒಬ್ಬರೋ ಇಬ್ಬರೋ ಇರ್ತಾರೆ. ಜಗಳ ಇಲ್ಲ, ಬೇಡ ಅನ್ನೋದೂ ಇಲ್ಲ. ಒಂದು ಥಂಬ್ಸಪ್ ಹಾಕಿ ಸುಮ್ಮನಾಗ್ತಾರೆ. ಹೊರಡೋಕೆ ನಾಲ್ಕು ದಿನ ಇದೆ ಅನ್ನುವಾಗ ‘ಊರಲ್ಲಿ ಫಂಕ್ಷನ್ ಇದೆ ಕಣ್ರೋ, ನೀವು ಹೋಗ್ಬನ್ನಿ’ ಅಂತ ಒಂದು ಮೆಸೇಜ್. ಆಷಾಢದಲ್ಲಿ ಯಾವ ಫಂಕ್ಷನ್ನು ಅಂತ ಯಾರೂ ಕೇಳಲ್ಲ. ಉಳಿದವರು ‘ಛೇ, ಅವನು ಯಾವಾಗ್ಲೂ ಹಿಂಗೇ’ ಅಂತ ಹೇಳಿ ಕಾರು ಹತ್ತುತ್ತಾರೆ.

ಅವನು ಹಿಂಗೇ ಅಲ್ಲ. ಅವನ ಮನೆ ಹಂಗಿದೆ.

ಕಾಲೇಜಲ್ಲಿ ಇರೋವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ಎಲ್ಲರಿಗೂ ಅದೇ ಕ್ಯಾಂಟೀನು, ಅದೇ ಅರ್ಧ ಪ್ಲೇಟ್ ರೈಸ್‌ಬಾತ್, ಅದೇ ಬಸ್ ಪಾಸು. ಒಬ್ಬಳ ಅಪ್ಪನಿಗೆ ನಾಲ್ಕು ಎಕರೆ ಅಡಿಕೆ ತೋಟ ಇದ್ದರೂ, ಇನ್ನೊಬ್ಬನ ಅಮ್ಮ ಅಂಥದ್ದೇ ತೋಟದಲ್ಲಿ ಕೊನೆ ಸುಲಿಯೋಕೆ ಕೂಲಿಗೆ ಹೋಗ್ತಿದ್ದರೂ ಬೆಂಚು ಒಂದೇ. ಕೋರ್ಸ್ ಮುಗಿದ ದಿನ ಆ ಬೆಂಚು ಹೋಗುತ್ತೆ. ಎಜುಕೇಶನ್ ಲೋನ್ ತಗೊಂಡವರಿಗೆ ಓದು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಕಂತು ಕಟ್ಟೋದು ಶುರುವಾಗಲ್ಲ, ನಿಜ. ಆದರೆ ಬಡ್ಡಿ ಸುಮ್ಮನೆ ಕೂತಿರಲ್ಲ. ಆಫರ್ ಲೆಟರ್ ಬಂದೋರಿಗೂ ಕೈಗೆ ಸಂಬಳ ಬಂದಿರಲ್ಲ. ಕೆಎಎಸ್ ಕೋಚಿಂಗ್‌ಗೆ ಧಾರವಾಡಕ್ಕೆ ಹೋಗೋನು ಮೊದಲ ತಿಂಗಳ ರೂಮ್ ಅಡ್ವಾನ್ಸಿಗೆ ದುಡ್ಡು ಕೂಡಿಡ್ತಿರ್ತಾನೆ. ನಮ್ಮ ಮಧ್ಯೆ ಇರೋ ಅಂತರ ಮೊದಲ ಸಲ ಕಣ್ಣಿಗೆ ಬೀಳೋದು ಈ ಟ್ರಿಪ್ಪಿನ ಲೆಕ್ಕದಲ್ಲೇ.

ಅದಕ್ಕೇ ನಂಗೆ ಇದು ಬರೀ ಸುತ್ತಾಟದ ವಿಷಯ ಅಂತ ಅನ್ನಿಸಲ್ಲ. ನಾಲ್ಕು ವರ್ಷ ಒಟ್ಟಿಗಿದ್ದವರು ಕೊನೆಯ ವಾರದಲ್ಲಿ ಯಾರನ್ನ ಹೊರಗಿಡ್ತಾರೆ ಅನ್ನೋ ವಿಷಯ.

3/8

ನಮ್ಮ ತಲೆ ಕೆಡಿಸಿದ್ದು ಸಿನಿಮಾ. 2001ರ ‘ದಿಲ್ ಚಾಹ್ತಾ ಹೈ’ ಬಂದಾಗ ನಾವ್ಯಾರೂ ಹುಟ್ಟಿರಲಿಲ್ಲ, ಆದ್ರೂ ಕಾಲೇಜು ಮುಗಿಸಿ ಗೋವಾಕ್ಕೆ ಕಾರಲ್ಲಿ ಹೋಗೋ ಆ ಮೂವರು ಇವತ್ತಿಗೂ ನಮ್ಮ ಸ್ಟೇಟಸ್‌ನಲ್ಲಿದ್ದಾರೆ. 2011ರ ‘ಜಿಂದಗಿ ನಾ ಮಿಲೇಗಿ ದೋಬಾರಾ’ ಬಂದ ಮೇಲಂತೂ ಸ್ಪೇನೇ ಆಗಬೇಕು. ಎರಡೂ ನಂಗಿಷ್ಟ. ಆದರೆ ಪೆಟ್ರೋಲ್ ಬಂಕಿನಲ್ಲಿ ನಿಂತು ‘ತಲೆಗೆ ಎಷ್ಟು ಬೀಳುತ್ತೆ’ ಅಂತ ಲೆಕ್ಕ ಹಾಕಿದ ಸೀನು ಎರಡರಲ್ಲೂ ನಂಗೆ ನೆನಪಿಲ್ಲ.

ರೀಲುಗಳದ್ದೂ ಅದೇ ಕಥೆ. ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಕಿಟಕಿಯಿಂದ ಕೈ ಹೊರಗಿಟ್ಟಿದ್ದು ಕಾಣುತ್ತೆ. ಹಿಂದಿನ ಸೀಟಲ್ಲಿ ಕೂತು ವಾಂತಿ ತಡ್ಕೊಂಡಿರೋನು ಕಾಣಲ್ಲ.

4/8

ಹಾಗಾದ್ರೆ ಏನು ಮಾಡೋದು? ನಾವು ಆರು ಜನ ಈ ಸಲ ಮಾಡಿದ್ದನ್ನ ಹೇಳ್ತೀನಿ. ನಿಮಗೆ ಸರಿ ಕಂಡ್ರೆ ಮಾಡಿ.

ಜಾಗದ ಹೆಸರು ಎತ್ತೋ ಹಾಗಿಲ್ಲ ಅಂತ ಮೊದಲೇ ಮಾತು. ಗುಂಪಿನಲ್ಲಿ ಬಾಯಿ ಗಟ್ಟಿ ಇರೋ ಒಬ್ಬಳನ್ನ, ಅಂದ್ರೆ ಗುಟ್ಟು ಹೊರಗೆ ಬಿಡದವಳನ್ನ, ಆರಿಸಿದ್ವಿ. ಎಲ್ಲರೂ ಅವಳಿಗೆ ಮಾತ್ರ ಒಂದು ನಂಬರ್ ಕಳಿಸಬೇಕು: ಮನೇಲಿ ಸಾಲ ಕೇಳದೆ, ಫೀಸಿನ ದುಡ್ಡು ಮುಟ್ಟದೆ, ಮೂರು ದಿನಕ್ಕೆ ನಾನು ಹಾಕಬಹುದಾದ ದುಡ್ಡು ಎಷ್ಟು. ಅವಳು ಯಾರದ್ದು ಎಷ್ಟು ಅಂತ ಹೇಳೋ ಹಾಗಿಲ್ಲ. ಅತಿ ಚಿಕ್ಕ ನಂಬರ್ ಮಾತ್ರ ಗ್ರೂಪಿಗೆ ಹಾಕಬೇಕು. ಅದೇ ಎಲ್ಲರ ಬಜೆಟ್. ಸರಾಸರಿ ಅಲ್ಲ. ಸರಾಸರಿ ತೆಗೆದ್ರೆ ಕಮ್ಮಿ ಇರೋರು ಮತ್ತೆ ಬಾಯಿ ಮುಚ್ಕೋಬೇಕಾಗುತ್ತೆ.

ನಮ್ಮ ಗ್ರೂಪಿಗೆ ಬಂದ ನಂಬರ್ 1,800.

ಅದು ನನ್ನದಾ ಅಂತ ಕೇಳಬೇಡಿ. ಗುಟ್ಟಾಗಿ ಕೇಳಿದ್ದೇ ಅದಕ್ಕಲ್ವಾ.

ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ‘ಉಳಿದಿದ್ದು ನಾನು ಹಾಕ್ತೀನಿ ಬಿಡ್ರೋ’ ಅಂದ. ಒಳ್ಳೆ ಮನಸ್ಸೇ. ಆದರೆ ನಾನು ಬೇಡ ಅಂದೆ, ಈಗ್ಲೂ ಬೇಡ ಅಂತೀನಿ. ಒಬ್ಬ ಹಾಕಿದ ದುಡ್ಡಲ್ಲಿ ಹೋದ ಟ್ರಿಪ್ಪಿನಲ್ಲಿ ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಿನ್ನಬೇಕು ಅನ್ನೋದು ಅವನದ್ದೇ ಆಗುತ್ತೆ. ಅವನು ಬಯಸಿದ್ರೂ ಬಯಸದಿದ್ರೂ. ಉಳಿದವರು ನಗುನಗುತ್ತಾ ಒಪ್ಪಬೇಕು. ‘ನಂಗೆ ಹಸಿವಿಲ್ಲ’ ಅಂತ ಹೇಳಿ ಬರೀ ಟೀ ಕುಡಿಯೋ ಫ್ರೆಂಡ್ ನಿಮಗೂ ಇದ್ದೇ ಇರ್ತಾರೆ. ದಾರೀಲಿ ಕಾದ ಜೋಳ ಕೊಡಿಸು, ಬೇಡ ಅನ್ನಲ್ಲ. ರೂಮಿನ ಬಾಡಿಗೆ ಮಾತ್ರ ಸಮ ಇರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಆರು ಜನ ಒಂದೇ ಹಾಸಿಗೇಲಿ ಮಲಗಬೇಕು ಅಂದ್ರೆ ಉದ್ದ ಕಾಲಿನೋರೇ ಸ್ವಲ್ಪ ಮಡಚಬೇಕು. ಅವರಿಗೆ ಕಷ್ಟ ಆಗುತ್ತೆ, ಗೊತ್ತು. ಮೂರು ದಿನ ತಾನೇ.

5/8

ದುಡ್ಡಾದ ಮೇಲೆ ಮನೆ.

‘ಮನೇಲಿ ಕೇಳ್ತೀನಿ’ ಅನ್ನೋ ಮಾತು ಹುಡುಗರ ಬಾಯಲ್ಲಿ ಬಂದ್ರೆ ಒಂದು ಅರ್ಥ, ಹುಡುಗೀರ ಬಾಯಲ್ಲಿ ಬಂದ್ರೆ ಇನ್ನೊಂದು. ಹುಡುಗ ‘ಹೇಳಿ ಹೋಗ್ತೀನಿ’ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಹುಡುಗಿ ನಿಜವಾಗಿ ಕೇಳಬೇಕು. ಯಾರ್ಯಾರು ಬರ್ತಾರೆ, ಹುಡುಗರು ಎಷ್ಟು ಜನ, ರಾತ್ರಿ ಎಲ್ಲಿ, ಯಾರ ಗಾಡಿ, ಯಾಕೆ ಈಗಲೇ. ಕೊನೆಗೆ ‘ಮದುವೆ ಆದ್ಮೇಲೆ ಎಲ್ಲಿ ಬೇಕಾದ್ರೂ ಹೋಗು’ ಅನ್ನೋ ಮಾತು. ಇದನ್ನ ಕೇಳಿ ನಕ್ಕು ನಕ್ಕು ಸುಸ್ತಾಗಿದ್ದೀವಿ, ಆದ್ರೂ ನಗು ಬರಲ್ಲ.

ಇದಕ್ಕೆ ಸುಳ್ಳು ಹೇಳಿ ಹೋಗೋದು ಪರಿಹಾರ ಅಲ್ಲ ಅಂತ ನನ್ನ ಅಭಿಪ್ರಾಯ. ಇದು ನೀತಿಪಾಠ ಅಲ್ಲ, ಲೆಕ್ಕ. ‘ಕಾಲೇಜಿಂದ ಇಂಡಸ್ಟ್ರಿಯಲ್ ವಿಸಿಟ್’ ಅಂತ ಹೇಳಿ ಹೋದವಳ ಬಸ್ಸು ಕೆಟ್ಟು ನಿಂತ್ರೆ ಅವಳು ಮನೆಗೆ ಫೋನೇ ಮಾಡೋ ಹಾಗಿಲ್ಲ. ಸಹಾಯ ಬೇಕಾದಾಗಲೇ ಫೋನ್ ಮಾಡೋಕೆ ಆಗಲ್ಲ ಅಂದ್ರೆ ಅದು ಯಾವ ಸೀಮೆ ಸ್ವಾತಂತ್ರ್ಯ?

ನಾವು ಒಂದು ಹಾಳೆ ಮಾಡಿದ್ವಿ. ಕೈಯಲ್ಲೇ ಬರೆದಿದ್ದು. ಯಾವ ದಿನ ಯಾವ ಊರು, ರಾತ್ರಿ ಉಳಿಯೋ ಜಾಗದ ಫೋನ್ ನಂಬರು, ಆರೂ ಜನರ ಮನೆ ನಂಬರು, ವಾಪಸ್ ಬರೋ ಬಸ್ಸಿನ ಹೊತ್ತು. ಅದರ ಫೋಟೋ ಎಲ್ಲರ ಅಪ್ಪ ಅಮ್ಮನಿಗೂ. ಹುಡುಗರ ಮನೆಗೂ ಕಳಿಸಿದ್ವಿ, ಅದು ಮುಖ್ಯ. ಒಬ್ಬಳ ಅಪ್ಪ ಅದನ್ನ ಎರಡು ಸಲ ಓದಿ ‘ಊಟಕ್ಕೆ ಎಲ್ಲಿ?’ ಅಂತ ಮಾತ್ರ ಕೇಳಿದ್ರು. ಇನ್ನೊಬ್ಬಳ ಮನೇಲಿ ಒಂದು ರಾತ್ರಿಗೆ ಹೂಂ, ಎರಡು ರಾತ್ರಿಗೆ ಊಹೂಂ. ಅದಕ್ಕೇ ಮೊದಲ ರಾತ್ರಿ ಲಾಡ್ಜ್ ಬಿಟ್ಟು ನಮ್ಮಲ್ಲೊಬ್ಬಳ ಅಜ್ಜಿ ಮನೆಗೆ ಬದಲಾಯಿಸಿದ್ವಿ. ಸಾಗರದ ಹತ್ತಿರ. ಅಜ್ಜಿ ಮನೆ ಅಂದ ಕೂಡಲೇ ಆ ಅಮ್ಮನೂ ಒಪ್ಪಿದ್ರು, ಬಜೆಟ್ಟೂ ಒಪ್ಪಿತು.

6/8

ಈಗ ಜಾಗ. ನಮಗೆಲ್ಲ ಬಿಡುವು ಸಿಗೋದೇ ಜೂನ್ ಕೊನೆ, ಜುಲೈ. ಮಳೆಗಾಲದ ಎದೆಯೊಳಗೆ. ರೀಲಲ್ಲಿ ತೋರಿಸೋ ಗೋವಾ, ಗೋಕರ್ಣ ಡಿಸೆಂಬರಿನದ್ದು. ಜುಲೈ ತಿಂಗಳ ಕರಾವಳಿ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ರಜೆ. ಹುಟ್ಟಿದಾಗಿಂದ ಸಮುದ್ರ ನೋಡಿದವರೇ ದೋಣಿ ದಡಕ್ಕೆ ಎಳೆದಿಟ್ಟಿರುವಾಗ ಈಜು ಬಾರದ ನಾವು ಹೋಗಿ ಅಲೆಗೆ ಬೆನ್ನು ಹಾಕಿ ಸೆಲ್ಫಿ ತೆಗೀತೀವಿ. ಮಳೆ ಇಲ್ಲದ ಕಾಲದಲ್ಲೂ ಸಮುದ್ರ ಸುಮ್ಮನಿರಲ್ಲ: 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಮುರುಡೇಶ್ವರಕ್ಕೆ ಬಂದ ನಾಲ್ವರು ಹುಡುಗಿಯರು ನೀರಿಗಿಳಿದು ವಾಪಸ್ ಬರಲಿಲ್ಲ.

ದಾರಿಯೂ ಹಾಗೇ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಪಕ್ಕ ಟೀ ಕುಡಿಯೋಕೆ ನಿಲ್ಲಿಸೋ ಅಂಥ ಜಾಗ ಅದು. ಗಂಗಾವಳಿಗೆ ಬಿದ್ದ ಒಂದು ಲಾರಿ ಹೊರಗೆ ಬಂದಿದ್ದು ಸೆಪ್ಟೆಂಬರ್ ಕೊನೆಗೆ. ಮಳೆಗಾಲದಲ್ಲಿ ಘಟ್ಟ ಇಳಿಯಲೇಬಾರದು ಅಂತ ನಾನು ಹೇಳ್ತಿಲ್ಲ. ಅಲ್ಲಿ ದಿನಾ ಓಡಾಡೋ ಜನ ಇದ್ದಾರೆ, ಅವರಿಗೆ ಬೇರೆ ದಾರಿ ಇಲ್ಲ. ನಮಗಿದೆ.

ಇನ್ನು ಕಾರು. ನಮ್ಮಲ್ಲಿ ಲೈಸೆನ್ಸ್ ಇರೋದು ಇಬ್ಬರಿಗೆ. ‘ಪರಿಚಯದವರ ಕಾರು, ದಿನಕ್ಕೆ ಇಷ್ಟು ಕೊಟ್ರೆ ಸಾಕು’ ಅಂತ ಒಂದು ಆಫರ್ ಬಂತು. ಬಿಳಿ ಬೋರ್ಡಿನ ಸ್ವಂತ ಕಾರನ್ನ ಬಾಡಿಗೆಗೆ ಕೊಡೋದು ಕಾನೂನಿನ ಪ್ರಕಾರ ತಪ್ಪು. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ ಇರುತ್ತೆ. ಬಿಳಿ ಬೋರ್ಡ್ ಗಾಡಿ ಎಲ್ಲಾದ್ರೂ ಗುದ್ದಿದ್ರೆ ಇನ್ಶೂರೆನ್ಸ್ ಕಂಪನಿಗೆ ಕೈ ಎತ್ತೋಕೆ ನಾವೇ ಕಾರಣ ಕೊಟ್ಟ ಹಾಗೆ. ಅದೂ ಅಲ್ಲದೆ ಐದು ಸೀಟಿನ ಕಾರು, ಆರು ಜನ. ಮತ್ತೆ ‘ಯಾರು ಬಿಡೋದು’ ಅನ್ನೋ ಪ್ರಶ್ನೆ ಹಿಂದಿನ ಬಾಗಿಲಿಂದ ಒಳಗೆ ಬಂತು.

7/8

ಅಲ್ಲಿಗೆ ಒಬ್ಬಳು ಕೇಳಿದ್ಲು: ರೋಡ್ ಟ್ರಿಪ್ ಅಂದ್ರೆ ಕಾರೇ ಆಗಬೇಕಾ? ಬಸ್ಸೂ ರೋಡ್ ಮೇಲೇ ತಾನೇ ಹೋಗೋದು?

ಮೊದಲು ಎಲ್ಲರೂ ನಕ್ಕರು. ಆಮೇಲೆ ಲೆಕ್ಕ ಹಾಕಿದ್ವಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಏಸಿ ಬಸ್ಸಿಗೆ ಇಲ್ಲ. ಶಿವಮೊಗ್ಗ ಕಡೆ ಕೆಎಸ್ಆರ್‌ಟಿಸಿ, ಶಿರಸಿ ಕಡೆ ವಾಯವ್ಯ ಸಾರಿಗೆ, ಎರಡರಲ್ಲೂ ನಡೆಯುತ್ತೆ. ವಿಳಾಸ ಇರೋ ಗುರುತಿನ ಚೀಟಿ ಇಟ್ಕೊಂಡ್ರೆ ಆಯ್ತು. ನಾವು ಮೂವರು ಹುಡುಗೀರು, ಮೂವರು ಹುಡುಗರು. ಅರ್ಧ ಗ್ಯಾಂಗಿನ ಪ್ರಯಾಣ ಸೊನ್ನೆ ರೂಪಾಯಿ.

ಬಸ್ಸಲ್ಲಿ ಇನ್ನೊಂದು ಲಾಭ ಇದೆ, ಯಾರೂ ಹೇಳಲ್ಲ. ಕಾರಲ್ಲಿ ಒಬ್ಬ ಯಾವಾಗ್ಲೂ ಡ್ರೈವರ್. ಅವನು ನಿದ್ದೆ ಮಾಡೋ ಹಾಗಿಲ್ಲ, ಕಿಟಕಿ ನೋಡೋ ಹಾಗಿಲ್ಲ, ರಾತ್ರಿ ಉಳಿದವರು ಹರಟೆ ಹೊಡೆಯುವಾಗ ಅವನು ಬೇಗ ಮಲಗಬೇಕು. ಬಸ್ಸಲ್ಲಿ ಆರೂ ಜನ ಪ್ರಯಾಣಿಕರೇ.

ದಾರಿ ಹೀಗೆ. ಶಿವಮೊಗ್ಗದಿಂದ ಸಾಗರ, ಅಲ್ಲಿ ಇಕ್ಕೇರಿಯ ಅಘೋರೇಶ್ವರ, ಹೊತ್ತಿದ್ರೆ ಕೆಳದಿ. ಎರಡೂ ಊರಿನ ಪಕ್ಕದಲ್ಲೇ. ರಾತ್ರಿ ಅಜ್ಜಿ ಮನೆ. ಮರುದಿನ ಜೋಗ. 253 ಮೀಟರ್ ಎತ್ತರದಿಂದ ಬೀಳೋ ನೀರು. ಆದರೆ ಮಳೆ ಹಿಡಿದಿದ್ರೆ ಅದನ್ನ ನೋಡೋದಕ್ಕಿಂತ ಕೇಳೋದೇ ಹೆಚ್ಚು, ಮಂಜು ಸರಿಯೋವರೆಗೂ ಕಾಯ್ಬೇಕು. ಕಾರಿನ ಬಾಡಿಗೆ ಗಂಟೆಗೆ ಓಡ್ತಾ ಇಲ್ಲದಿದ್ರೆ ಕಾಯೋದು ಕಷ್ಟ ಅಲ್ಲ. ಅಲ್ಲಿಂದ ಸಿದ್ದಾಪುರದ ಮೇಲೆ ಶಿರಸಿ. ಎರಡನೇ ರಾತ್ರಿ ಅಲ್ಲಿ. ಸಹಸ್ರಲಿಂಗ ಬಿಟ್ವಿ, ಮಳೆಗಾಲದಲ್ಲಿ ಶಾಲ್ಮಲಾ ಏರಿದ್ರೆ ಲಿಂಗಗಳೆಲ್ಲ ನೀರಿನಡಿ. ಯಾಣವನ್ನ ಇಂಬಳಗಳಿಗೆ ಬಿಟ್ಟುಕೊಟ್ವಿ.

ಮೂರನೇ ದಿನ ಬನವಾಸಿ, ಕದಂಬರ ರಾಜಧಾನಿ. ವಾಪಸ್ ಬರೋವಾಗ ಶಿರಾಳಕೊಪ್ಪದ ಹತ್ತಿರ ತಾಳಗುಂದ. ಇದು ನನ್ನ ಹಟ. ಅಲ್ಲಿನ ಶಾಸನದ ಕಂಬ ಮಯೂರಶರ್ಮನ ಕಥೆ ಹೇಳುತ್ತೆ. ಓದೋಕೆ ಅಂತ ಕಂಚಿಗೆ ಹೋದ ಹುಡುಗ, ಅಲ್ಲಿ ಪಲ್ಲವರ ಕಡೆಯವರ ಜೊತೆ ಜಗಳ ಆಗಿ, ಓದು ಬಿಟ್ಟು ಬಂದು ರಾಜ್ಯ ಕಟ್ಟಿದ. ಪ್ಲೇಸ್‌ಮೆಂಟ್ ಆಗದೇ ಇರೋ ನಮ್ಮ ಇಬ್ಬರಿಗೆ ಆ ಕಂಬದ ಮುಂದೆ ಒಂದು ಫೋಟೋ ಬೇಕೇ ಬೇಕು. ಆಮೇಲೆ ಶಿಕಾರಿಪುರ, ಶಿವಮೊಗ್ಗ. ಒಟ್ಟು ಸುಮಾರು 300 ಕಿ.ಮೀ. ಒಂದೇ ಒಂದು ಘಟ್ಟ ಇಳಿಯೋ ಹಾಗಿಲ್ಲ.

8/8

ಲೆಕ್ಕ ಕೇಳ್ತೀರಾ ಅಂತ ಗೊತ್ತು. ತಲೆಗೆ ನಾವು ಇಟ್ಟಿರೋದು: ಶಿರಸಿಯ ರೂಮಿಗೆ 350, ಮೂರು ದಿನದ ಊಟ ತಿಂಡಿಗೆ 750, ಹುಡುಗರ ಬಸ್ಸಿಗೆ 450, ಅಲ್ಲಲ್ಲಿ ಆಟೋಗೆ 150. ಹುಡುಗರಿಗೆ 1,700, ಹುಡುಗೀರಿಗೆ 1,250. ಅಜ್ಜಿ ಮನೆಗೆ ಬರಿಗೈಲಿ ಹೋಗೋ ಹಾಗಿಲ್ಲ, ಹಣ್ಣು ಹೂವು ಅಂತ ಹುಡುಗರ ಹತ್ರ ಮಿಕ್ಕಿದ ನೂರು ನೂರು ಅಲ್ಲಿಗೆ. ತೊಡದೇವು ಮಾಡ್ತೀನಿ ಅಂತ ಅಜ್ಜಿ ಈಗಾಗಲೇ ಫೋನಲ್ಲಿ ಹೇಳಿದ್ದಾರೆ, ಆರು ಜನರ ಹೊಟ್ಟೆ ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಿಲ್ಲ ಪಾಪ.

ದುಡ್ಡು ಎಲ್ಲರದ್ದೂ ಹೊರಡೋ ಮುಂಚೆಯೇ ಆ ಬಾಯಿ ಗಟ್ಟಿ ಇರೋಳ ಯುಪಿಐಗೆ. ದಾರೀಲಿ ಯಾರೂ ಪರ್ಸ್ ತೆಗೆಯೋ ಹಾಗಿಲ್ಲ, ಖರ್ಚೆಲ್ಲ ಅವಳ ಕೈಯಿಂದ. ‘ನಾನು ಕೊಟ್ಟೆ, ನೀನು ಕೊಡಬೇಕು’ ಅನ್ನೋ ಸ್ಕ್ರೀನ್‌ಶಾಟ್ ಮೂರು ತಿಂಗಳಾದ ಮೇಲೆ ಬರೋದು ಬೇಡ. ಅಷ್ಟರೊಳಗೆ ನಾವು ಬೆಂಗಳೂರು, ಧಾರವಾಡ, ಹೈದರಾಬಾದು ಅಂತ ಚದುರಿರ್ತೀವಿ. ಒಬ್ಬ ಊರಲ್ಲೇ ಅಪ್ಪನ ಜೊತೆ ಗದ್ದೆಗಿಳಿದಿರ್ತಾನೆ.

‘ಇದೆಂತಾ ಟ್ರಿಪ್ಪು, ಶಾಲೆಯ ಪಿಕ್ನಿಕ್ ಇದ್ದಂಗಿದೆ’ ಅಂತ ಪಕ್ಕದ ಸೆಕ್ಷನ್ನಿನವರು ಆಗಲೇ ಕಾಲೆಳೆದಾಗಿದೆ. ಇರಬಹುದು. ಅವರ ಗೋವಾ ಗ್ರೂಪಿನಲ್ಲಿ ಶುರುವಿಗೆ ಹನ್ನೊಂದು ಜನ ಇದ್ದರು, ಈಗ ನಾಲ್ಕಕ್ಕೆ ಬಂದಿದೆ. ನಮ್ಮದು ಆರು ಇತ್ತು, ಇವತ್ತಿಗೂ ಆರಿದೆ.

ಜುಲೈ ಎರಡನೇ ಶುಕ್ರವಾರ ಬೆಳಗ್ಗೆ ಶಿವಮೊಗ್ಗ ಬಸ್ ಸ್ಟ್ಯಾಂಡು. ರೆಡ್ ಅಲರ್ಟ್ ಬಂದ್ರೆ ಒಂದು ವಾರ ಮುಂದಕ್ಕೆ, ಅದನ್ನೂ ಮನೆಯವರಿಗೆ ಹೇಳಿಟ್ಟಿದ್ದೀವಿ. ಒಂದೇ ಒಂದು ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಹುಡುಗೀರ ಹತ್ರ ತಲೆಗೆ 550 ಉಳಿಯುತ್ತಲ್ಲ, ಅದು ಎಲ್ಲರ ಐಸ್‌ಕ್ರೀಮಿಗೆ ಅಂತ ಹುಡುಗರು ಮೂರೂ ಜನ ಸೇರಿ ತೀರ್ಮಾನ ಮಾಡಿದ್ದಾರೆ. ಹುಡುಗೀರು ಇನ್ನೂ ಸಹಿ ಹಾಕಿಲ್ಲ.

#ಕೊನೆಯ_ಸೆಮ್ #ಬಸ್ಸಲ್ಲೇ_ರೋಡ್_ಟ್ರಿಪ್ #ಆರಕ್ಕೆ_ಆರು